ಎರಡಂಕಿಯ ವರ್ಷವೂ ದೂರವಾಣಿಯೂ

ಗಣಕಯಂತ್ರದ ಸ್ಮರಣಕೋಶವು ಬಹು ತುಟ್ಟಿಯಾಗಿದ್ದ ಕಾಲದಲ್ಲಿ 1965ನ್ನು ಬರಿದೇ 65 ಎಂದು ಬರೆದಿಡುವ ರೂಢಿ ಬಿದ್ದಿತು. 2000 ಬಂದಾಗ 00 ಎಂಬುದನ್ನು ಯಂತ್ರವು 1900 ಎಂದೇ ತಿಳಿದೀತೆಂಬ ಭಯ ಹುಟ್ಟಿತು.

ಇದಕ್ಕೂ ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೂ ಏನು ಸಂಬಂಧ? ಸಿ-ಡಾಟ್ ಸಂಸ್ಥೆಯ 128 ಸಾಲುಗಳ ಗ್ರಾಮೀಣ ದೂರವಾಣಿ ಕೇಂದ್ರವು 1986ರಲ್ಲಿ ಮೊದಲು ಕೆಲಸಕ್ಕಿಳಿದದ್ದು ನಮ್ಮ ಜಿಲ್ಲೆಯ ಕಿತ್ತೂರಿನಲ್ಲಿಯೇ. ಅಂಥ ಕೇಂದ್ರವೂ ಒಂದು ಗಣಕಯಂತ್ರವೇ ಸರಿ.

ಕರೆ ಜೋಡಿಸಲು ವರ್ಷ ಬೇಕಿಲ್ಲ, ಬಿಲ್ಲಿಗೆ ಬೇಕು. 1999ರ ಡಿಸೆಂಬರ್ 31ರ ರಾತ್ರಿ 11-58ಕ್ಕೆ ಹುಕ್ಕೇರಿಯಿಂದ ಮುಂಬಯಿಗೆ ಹೊರಟ ಕರೆಯೊಂದು 12-03ಕ್ಕೆ ಮುಗಿಯಿತೆನ್ನಿ. ಐದು ನಿಮಿಷದ ಮಾತು ಆರಂಭಕ್ಕಿಂತ ನೂರು ವರ್ಷ ಮೊದಲೇ ಮುಗಿದಂತಾಗುವುದು! ವಾರವೂ ತಪ್ಪುವುದು: 2000ದ ಜನವರಿ 2 ರವಿವಾರ, 1900ರ ಜನವರಿ 2 ಮಂಗಳವಾರ. ಮೇಲಾಗಿ 1900ಕ್ಕೆ ಫೆಬ್ರವರಿ 29 ಇರಲಿಲ್ಲ, 2000ಕ್ಕೆ ಇತ್ತು.

ಆದುದರಿಂದ ಪರೀಕ್ಷಾಯಂತ್ರದ ಗಡಿಯಾರವನ್ನು ಮುಂದೆ ತಿರುಗಿಸಿ ನೋಡಬೇಕಾಗಿತ್ತು. ಅದೂ ನೆರೆಯ ಕೇಂದ್ರಗಳೊಡನೆ ಕೂಡಿಸಿ. ಒಂದೇ ಕೇಂದ್ರ ನೆಟ್ಟಗಿದ್ದರೆ ಸಾಲದು. ದೊಡ್ಡ ಅನಾಹುತವಾಗದ್ದರಿಂದ ವೆಚ್ಚವೆಲ್ಲ ದಂಡವೆಂದವರುಂಟು. ಕಾಲುವೆಯ ಏರಿ ದುರಸ್ತಿ ಮಾಡಿದ ವರ್ಷ ಅದು ಒಡೆಯಲಿಲ್ಲವೆಂದು ಘಟಪ್ರಭೆಯ ರೈತನು ಹಾಗೆ ಗೊಣಗುವನೇ?

ಇನ್ನೊಂದು ಗಡುವು ಮುಂದಿದೆ. 1970ರಿಂದ ಸೆಕೆಂಡುಗಳನ್ನು 32 ದ್ವಿಮಾನ ಸ್ಥಾನಗಳಲ್ಲಿ ಎಣಿಸುವ ಯಂತ್ರಗಳ ಲೆಕ್ಕ 2,14,74,83,647ಕ್ಕೆ ತುಂಬುವುದು. ನಮ್ಮ ಗಡಿಯಾರದಲ್ಲಿ ಅದು 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು.