ಹಿಂಡಬೇಡ, ಇಳಿಯಲು ಬಿಡು

ಡಯಾಲಿಸಿಸ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದೀಯಂತೆ. ಭಾಳ ಸಂತೋಷ ಆಯಿತು, ತಮ್ಮಾ. ಅಬಲೂರಿನ ನಮ್ಮ ಮನೆಯಲ್ಲಿ ಈ ವಿದ್ಯೆಗೆ ಕೈ ಹಾಕಿದವನು ನೀನೇ ಮೊದಲು. ನಿನ್ನ ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ಅದೇ ನನಗೆ ಚಿಂತೆ. ಚಾ ಸೋಸುವಾಗಲೂ ಜರಡಿಯ ಮೇಲೆ ಚಮಚ ಒತ್ತಿ ಗಸಿಯನ್ನೆಲ್ಲ ಕಪ್ಪಿಗೆ ಇಳಿಸುವವನು ನೀನು. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು ಆ ಯಂತ್ರದ ಪಕ್ಕ ಮಲಗುವವನ ಮಾತು ಸ್ವಲ್ಪ ಕೇಳು.

ಶ್ರೀಖಂಡದ ಗಂಟು ನೆನಪಿದೆಯೇ? ನಿಮ್ಮಜ್ಜಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿ ಗೂಟಕ್ಕೆ ತೂಗುಹಾಕುತ್ತಿದ್ದಳು. ಕೆಳಗಿನ ಬೋಗುಣಿಗೆ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಆರು ವರ್ಷದ ನಿನಗೆ ಬೆಳಗಿನ ತನಕ ತಾಳ್ಮೆ ಎಲ್ಲಿಯದು? ಎರಡೂ ಕೈಯಲ್ಲಿ ಗಂಟು ಹಿಂಡಿದೆ. ನೀರಿನ ಜೊತೆ ಮೊಸರೂ ಬಟ್ಟೆ ದಾಟಿತು. ಬಟ್ಟೆಯ ಕಣ್ಣು ಕಟ್ಟಿ, ಆಮೇಲೆ ನೀರೂ ಇಳಿಯಲಿಲ್ಲ.

ಬಟ್ಟೆಗೂ ಒಂದು ಮಿತಿ ಇದೆ. ಬೆಲ್ಲದ ನೀರನ್ನು ನೂರು ಸಲ ಸೋಸು, ಕಸ ಹೋದೀತು, ಸಿಹಿ ಹೋಗದು. ಕರಗಿದ್ದನ್ನು ಬೇರೆ ಮಾಡಲು ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ಪೊರೆ ಬೇಕು. ದೇವರು ಅಂಥದ್ದನ್ನು ನಮ್ಮ ಬೆನ್ನಿಗೇ ಇಟ್ಟಿದ್ದಾನೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಲೆಕ್ಕ ಹಾಕಿದರೆ ಹನ್ನೆರಡು ಕೊಡ. ಅದರಲ್ಲಿ ಬೇಕಾದ್ದನ್ನೆಲ್ಲ ಹಿಂದಕ್ಕೆ ಎಳೆದುಕೊಂಡು ಒಂದೂವರೆ ಲೀಟರಿನಷ್ಟು ಮಾತ್ರ ಹೊರಗೆ ಬಿಡುತ್ತವೆ. ಅವು ವಾರದ 168 ತಾಸೂ ಮಾಡುವ ಕೆಲಸವನ್ನು ನಿನ್ನ ಯಂತ್ರ ನನಗೆ 12 ತಾಸಿನಲ್ಲಿ ಮಾಡಿಕೊಡಬೇಕು. ಅದರಲ್ಲೂ ಅರ್ಧ ತಾಸು ಉಳಿಸಲು ಹೋಗಬೇಡಪ್ಪ.

ಡಯಾಲೈಸರನ್ನು ಬೆಳಕಿಗೆ ಹಿಡಿದು ನೋಡು. ಗೇಣುದ್ದದ ಕೊಳವೆ, ಒಳಗೆ ಶಾವಿಗೆಗಿಂತ ನಯವಾದ ಸುಮಾರು 10,000 ಎಳೆ. ಒಂದೊಂದೂ ಟೊಳ್ಳು. ಎಳೆಯೊಳಗೆ ನನ್ನ ರಕ್ತ ಹರಿದರೆ, ಹೊರಗೆ ಎದುರು ದಿಕ್ಕಿನಲ್ಲಿ ಔಷಧಿ ನೀರು ಹರಿಯುತ್ತದೆ. ರಕ್ತದಲ್ಲಿನ ಕಸ ಯೂರಿಯಾ ಸಣ್ಣದು, ಪೊರೆ ದಾಟುತ್ತದೆ. ಅದಕ್ಕಿಂತ ಸಾವಿರ ಪಟ್ಟು ಭಾರದ, ರಕ್ತಕ್ಕೆ ಬೇಕಾದ ಪ್ರೋಟೀನು ಅಲ್ಬುಮಿನ್ ಒಳಗೇ ಉಳಿಯುತ್ತದೆ. ಯೂರಿಯಾವನ್ನು ಯಾರೂ ಹಿಡಿದು ಎಳೆಯುವುದಿಲ್ಲ. ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯನ್ನು ಸಪ್ಪೆ ನೀರಿಗೆ ಹಾಕಿದರೆ ಉಪ್ಪು ತಾನೇ ಹೊರಗೆ ಬರುತ್ತದಲ್ಲ, ಹಾಗೆ. ನೀರೂ ಉಪ್ಪಾದರೆ ಅಲ್ಲಿಗೆ ನಿಂತಿತು. ಹೊಸ ನೀರು ಹಾಕಿದರೆ ಮತ್ತೆ ಬರುತ್ತದೆ. ಅದಕ್ಕೇ ಔಷಧಿ ನೀರು ನಿಲ್ಲದೆ ಹರಿಯಬೇಕು, ನಿಮಿಷಕ್ಕೆ ಅರ್ಧ ಲೀಟರ್. ಅದರಲ್ಲಿ ಸೋಡಿಯಂ ರಕ್ತದಲ್ಲಿ ಇರುವಷ್ಟೇ ಇರುತ್ತದೆ. ಹಾಗಾಗಿ ಒಳಗಿನ ಸೋಡಿಯಂ ಬರಿದಾಗುವುದಿಲ್ಲ. ಪೊಟ್ಯಾಸಿಯಂ ಕಡಿಮೆ ಇಟ್ಟಿರುತ್ತಾರೆ, ಹೆಚ್ಚಾದದ್ದು ಹೊರಗೆ ಬರಲಿ ಎಂದು.

ಈಗ ಇದು ಸಲೀಸು ಕಾಣುತ್ತದೆ. 1943ರಲ್ಲಿ, ಯುದ್ಧದ ನಡುವೆ, ನೆದರ್‌ಲ್ಯಾಂಡ್ಸಿನ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯ ಮಾಂಸದ ತಿನಿಸಿಗೆ ಹೊದಿಸುವ ಸೆಲೊಫೇನ್ ಕೊಳವೆಯನ್ನು ಮರದ ಪಟ್ಟಿಯ ಉರುಳೆಗೆ ಸುತ್ತಿ ಶುರು ಮಾಡಿದ. ಮೊದಲ ರೋಗಿಗಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. 1945ರಲ್ಲಿ 67 ವರ್ಷದ ಹೆಂಗಸೊಬ್ಬಳು ಕಣ್ಣು ತೆರೆದಳು. ಆ ಎರಡು ವರ್ಷ ಅವನು ಹೇಗೆ ತಾಳಿಕೊಂಡಿದ್ದನೋ! ಮಲಗಿದ್ದಾಗ ಎಷ್ಟೋ ಸಲ ಅವನನ್ನು ನೆನೆಯುತ್ತೇನೆ.

ಬೆಳಗಿನ ಪಾಳಿಯಲ್ಲಿ ನೀರಿನ ಕ್ಲೋರಿನ್ ಪರೀಕ್ಷೆ ಬಿಡಬೇಡ. ಎರಡು ನಿಮಿಷದ ಕೆಲಸ, ‘ನಿನ್ನೆ ಸರಿ ಇತ್ತಲ್ಲ’ ಅನ್ನಿಸುತ್ತದೆ. ಒಂದು ಸರದಿಗೆ ನನ್ನ ರಕ್ತದ ಎದುರು ಹರಿಯುವುದು 120 ಲೀಟರ್ ನೀರು, ನಡುವೆ ಇರುವುದು ಆ ತೆಳು ಪೊರೆ ಒಂದೇ. ಆರ್‌ಓ ಇದೆಯಲ್ಲ ಎನ್ನಬೇಡ. ಅದು ಉಪ್ಪನ್ನು ತಡೆಯುತ್ತದೆ, ಕ್ಲೋರಿನ್ ಹಿಡಿಯುವುದು ಅದಕ್ಕಿಂತ ಮೊದಲು ಬರುವ ಇದ್ದಿಲ ಟ್ಯಾಂಕು. ಇದ್ದಿಲು ಸೋತ ದಿನ ಕ್ಲೋರಿನ್ ದಾಟಿ ಬಂದು ರಕ್ತದ ಕಣಗಳನ್ನೇ ಒಡೆಯುತ್ತದೆ.

ಹೋದ ಯುಗಾದಿಯ ಮಾತು ಹೇಳುತ್ತೇನೆ. ಬಿಸಿಲಿಗೆ ತಾಳದೆ ಮಜ್ಜಿಗೆ, ಪಾನಕ ಎಲ್ಲ ಕುಡಿದು ನಾಲ್ಕು ಕಿಲೋ ಏರಿಸಿಕೊಂಡು ಹೋದೆ. ಊರಿಗೆ ಬೇಗ ಮರಳುವ ಆಸೆ. ‘ಎಲ್ಲ ನೀರನ್ನೂ ಇವತ್ತೇ ತೆಗೆ, ಜಲ್ದಿ ತೆಗೆ’ ಎಂದು ಹುಡುಗನ ಬೆನ್ನುಬಿದ್ದೆ. ಅವನೂ ನಿನ್ನ ವಯಸ್ಸಿನವನು, ಆಯಿತಜ್ಜ ಎಂದ. ಮೂರನೇ ತಾಸಿಗೆ ಮೀನಖಂಡ ಕಲ್ಲಾಯಿತು, ಕಣ್ಣು ಕತ್ತಲೆಗಟ್ಟಿತು. ಕಾಲು ಎತ್ತಿಟ್ಟು ಸಲೈನ್ ಕೊಟ್ಟರು. ಆಮೇಲೆ ಡಾಕ್ಟರು ತಿಳಿಸಿ ಹೇಳಿದರು. ನೀರು ತುಂಬಿದ್ದು ಕಾಲಿನ ಬಾವಿನಲ್ಲಿ, ಯಂತ್ರ ಎಳೆಯುವುದು ರಕ್ತದಿಂದ. ಅಲ್ಲಿಂದ ಇಲ್ಲಿಗೆ ಬರಲು ಅದಕ್ಕೂ ಹೊತ್ತು ಬೇಕು. ನಮ್ಮ ಹೊಲದ ಬಾವಿಗೆ ದೊಡ್ಡ ಮೋಟಾರು ಹಚ್ಚಿದ ವರ್ಷ ಹೀಗೇ ಆಗಿತ್ತು: ಗಳಿಗೆಯಲ್ಲಿ ತಳ ಕಂಡಿತು, ಸೆಲೆ ತುಂಬಿಕೊಳ್ಳಲು ರಾತ್ರಿಯಿಡೀ ಹಿಡಿಯಿತು. ನಾಳೆ ನನ್ನಂಥ ಮುದುಕ ಯಾರಾದರೂ ಅವಸರ ಮಾಡಿದರೆ, ಗದರಿಸಿಯಾದರೂ ನಿಲ್ಲಿಸು.

ರವಿವಾರ ಬಾ. ನನ್ನ ಎಡ ಮುಂಗೈಯಲ್ಲಿ ಸೂಜಿ ಚುಚ್ಚುವ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡು, ಒತ್ತದೆ, ಹಗುರಾಗಿ. ಒಳಗೆ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತದೆ. ಬೆರಳಿಗೆ ಅದರ ಗುರುತು ಹತ್ತುವ ತನಕ ಕೂತಿರು, ನಾನು ಕೈ ಚಾಚಿಕೊಂಡೇ ಇರುತ್ತೇನೆ.