ಬಳ್ಳಾರಿ ಸೀಮೆಯ ಊಟ: ಒಳಗಿನವರು, ಹೊರಗಿನವರು
— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ

ಒಂದು ನಾಡಿನ ಜನರನ್ನು ಅರಿಯಬೇಕಾದರೆ ಅವರ ಚರಿತ್ರೆಯನ್ನೂ ಸಾಹಿತ್ಯವನ್ನೂ ಓದಬೇಕೆಂದು ಗುರುಗಳು ಹೇಳುತ್ತಾರೆ. ಅವರ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದನ್ನೂ ನೋಡಬೇಕೆಂದು ಸೇರಿಸುವ ಧೈರ್ಯವನ್ನು ಇಲ್ಲಿ ಮಾಡಿದ್ದೇನೆ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಈ ಮೂರು ಊರುಗಳ ಸುತ್ತಿನ ಊಟವನ್ನು ಕುರಿತು ನಾವು ಏನು ಭಾವಿಸುತ್ತೇವೆ, ಹೊರಗಿನವರು ಏನು ಭಾವಿಸುತ್ತಾರೆ ಎಂಬುದೇ ಈ ಲೇಖನದ ವಿಷಯ. ಇದು ನಾಲಗೆಯ ಚಾಪಲ್ಯದ ಮಾತಾಗಿ ಕಾಣಬಹುದು. ಆದರೆ ಮಾನ ಅಪಮಾನಗಳ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಮೊದಲು ನೆಲದ ಮಾತು. ನಮ್ಮದು ಮಳೆ ಕಡಿಮೆಯ ಸೀಮೆ. ಆದರೆ ಇಲ್ಲಿಯ ಎರೆಭೂಮಿಗೆ ಒಂದು ಗುಣವಿದೆ: ಒಮ್ಮೆ ಕುಡಿದ ನೀರನ್ನು ಬಹುದಿನ ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲ ಹಿಂದೆಗೆಯುವಾಗ ಬಿತ್ತಿದ ಹಿಂಗಾರಿ ಬಿಳಿಜೋಳ ಆ ತೇವವನ್ನೇ ನಂಬಿ, ಚಳಿಯ ಇಬ್ಬನಿಯಲ್ಲಿ ಬೆಳೆದು ತೆನೆ ಕಟ್ಟುತ್ತದೆ. ಮಸಾರಿ ನೆಲದಲ್ಲಿ ಸಜ್ಜೆ, ನವಣೆ, ಶೇಂಗಾ. ಹೀಗೆ ನೆಲವೇ ನಮ್ಮ ತಾಟನ್ನು ನಿರ್ಣಯಿಸಿತು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ನುಚ್ಚು ಮಜ್ಜಿಗೆ, ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ ಖಾರದೊಡನೆ ಕುಟ್ಟಿ ಹಿಚುಕಿದ ಮುಟಿಗೆ.

ಜೋಳಕ್ಕೆ ಕನ್ನಡದಲ್ಲಿ ದೊಡ್ಡ ಮರ್ಯಾದೆಯೇ ಇತ್ತು. ಇಂದು ನಾವು ‘ಉಪ್ಪಿನ ಋಣ’ ಎನ್ನುವುದನ್ನು ಹಳಗನ್ನಡದ ಕವಿಗಳೂ ಶಾಸನಕಾರರೂ ‘ಜೋಳದ ಪಾಳಿ’ ಎಂದು ಕರೆದರು. ಒಡೆಯನ ಜೋಳವನ್ನು ಉಂಡ ವೀರನು ಅದಕ್ಕಾಗಿ ರಣದಲ್ಲಿ ಪ್ರಾಣವನ್ನೇ ಕೊಡಬೇಕು. ಋಣಕ್ಕೆ ಹೆಸರಾಗುವಷ್ಟು ದೊಡ್ಡದಾಗಿತ್ತು ಈ ಧಾನ್ಯ. ಅಕ್ಕಿ ತಿಂದವ ಹಕ್ಕಿಯಂತಾದ, ಜೋಳ ತಿಂದವ ತೋಳದಂತಾದ ಎಂಬ ಗಾದೆ ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಆದರೆ ಅದೇ ಹಿರಿಯರು ಹಬ್ಬದ ದಿನ ಎಲೆಗೆ ಏನು ಬಡಿಸುತ್ತಿದ್ದರು? ಅನ್ನವನ್ನು! ರೊಟ್ಟಿ ದುಡಿಮೆಯ ಊಟ, ಅನ್ನ ಹಬ್ಬದ ಊಟ ಎಂಬ ಭೇದ ಹಳೆಯದು. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹೂಡಿದ್ದು ಇಂಥ ಭೇದವನ್ನು ಕಂಡೇ ಇರಬೇಕು. ಅಲ್ಲಿ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಅಕ್ಕಿ ಕೆಡುತ್ತದೆ, ರಾಗಿ ಉಳಿಯುತ್ತದೆ. ಬರವನ್ನು ಕಂಡ ನಾಡಿನವರಿಗೆ ಈ ತೀರ್ಪಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿರುಗುಪ್ಪದ ಕಥೆ ಬೇರೆ. ಅಲ್ಲಿ ನದಿ ಇದೆ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಆದುದರಿಂದ ಹೊಳೆಯ ದಂಡೆಗೆ ಭತ್ತ ಹೊಸದಲ್ಲ. ಆದರೆ ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಅನಂತರ ಬಲದಂಡೆಯ ಕಾಲುವೆಗಳು ಹರಿದಾಗ ಗದ್ದೆಯ ಮೇರೆ ಬಹುದೂರ ವಿಸ್ತರಿಸಿತು. ಕರಾವಳಿ ಆಂಧ್ರದಿಂದ ಭತ್ತದ ಬೇಸಾಯ ಬಲ್ಲ ರೈತರು ಬಂದು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ನೆಲೆಸಿದರು. ಸೋನಾಮಸೂರಿಯ ಹೆಸರಿನೊಡನೆ ಅಕ್ಕಿಯ ಗಿರಣಿಗಳೂ ಬಂದವು. ಆ ರೈತರು ಅನ್ನದ ಜತೆಗೆ ಆವಕಾಯಿಯನ್ನೂ ಗೋಂಗೂರ ಪಚ್ಚಡಿಯನ್ನೂ ತಂದರು. ಗೋಂಗೂರವೆಂದರೆ ನಮ್ಮ ಪುಂಡಿಯೇ! ಒಂದೇ ಸೊಪ್ಪು ಕನ್ನಡದ ಒಲೆಯಲ್ಲಿ ನುಚ್ಚು, ಬೇಳೆಗಳೊಡನೆ ಬೆಂದು ಪಲ್ಯವಾಗುತ್ತದೆ, ತೆಲುಗಿನ ಒಲೆಯಲ್ಲಿ ಎಣ್ಣೆ ಮೆಣಸಿನಕಾಯಿಗಳೊಡನೆ ಹುರಿದು ಪಚ್ಚಡಿಯಾಗುತ್ತದೆ. ಹೊರಗಿನವರು ಯಾರು, ಒಳಗಿನವರು ಯಾರು ಎಂದು ಆ ಸೊಪ್ಪನ್ನು ಕೇಳಿದರೆ ಅದು ಏನು ಹೇಳೀತು?

ಬಳ್ಳಾರಿ ನಗರದ ಮುಂಜಾನೆಯ ತಿಂಡಿ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನಗಳ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ ಹಿಟ್ಟನ್ನು ಉದುರಿಸಿ, ನಿಂಬೆಹಣ್ಣು ಹಿಂಡುತ್ತಾರೆ. ಕೆಲವರು ಇದನ್ನು ಸೂಸಲ ಎನ್ನುತ್ತಾರೆ. ಗಡಿ ದಾಟಿ ಕರ್ನೂಲು, ಅನಂತಪುರಗಳಿಗೆ ಹೋದರೆ ಇದೇ ತಿಂಡಿ ‘ಉಗ್ಗಾಣಿ’ ಎಂಬ ಹೆಸರಿನಲ್ಲಿ ಬಜ್ಜಿಯ ಜತೆಗೇ ಸಿಗುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. ೧೮೦೦ರಲ್ಲಿ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಇವೆಲ್ಲ ಒಟ್ಟಿಗೇ ಇದ್ದವು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯನ್ನು ಭಾಷೆಯ ಆಧಾರದಿಂದ ಒಡೆದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿ, ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ನಕ್ಷೆಯ ಮೇಲೆ ಗೆರೆ ಎಳೆಯಬಹುದು, ಒಗ್ಗರಣೆಯ ಘಮಕ್ಕೆ ಗೆರೆ ಎಳೆಯಲಾದೀತೇ?

ಕುರುಗೋಡು ಸಿಂದ ಅರಸರು ಆಳಿದ ಊರು, ಏಕಶಿಲೆಯ ದೊಡ್ಡಬಸವೇಶ್ವರನಿಗೆ ಪ್ರಸಿದ್ಧವಾದುದು. ಅಲ್ಲಿಯ ಜಾತ್ರೆಗೆ ಹೋದವರು ಮಂಡಕ್ಕಿ, ಮಿರ್ಚಿ, ಬೆಂಡು ಬೆತ್ತಾಸುಗಳಿಲ್ಲದೆ ಮನೆಗೆ ಮರಳುವುದಿಲ್ಲ. ಸುತ್ತಲ ಹೊಲಗಳಲ್ಲಿ ಮೆಣಸಿನಕಾಯಿಯ ಬೆಳೆ ಉಂಟು. ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ನಮ್ಮ ಊಟದ ಹೆಗ್ಗುರುತೆಂದು ನಾವು ಹೆಮ್ಮೆಪಡುವ ಮೆಣಸಿನಕಾಯಿಯೂ ಶೇಂಗಾವೂ ಮೂಲತಃ ಅಮೆರಿಕ ಖಂಡದವು. ಪೋರ್ಚುಗೀಸರು ಸಮುದ್ರಮಾರ್ಗವಾಗಿ ಬಂದ ಮೇಲೆ ಈ ನಾಡಿಗೆ ದೊರೆತವು. ಇಂದು ಅವಿಲ್ಲದೆ ನಮ್ಮ ಚಟ್ನಿಯೇ ಇಲ್ಲ. ಹೊರಗಿನದು ನಮ್ಮದಾಗಲು ಕೆಲವು ತಲೆಮಾರುಗಳ ಹಸಿವು ಸಾಕು.

ಇನ್ನು ಹೊರಗಿನವರ ದೃಷ್ಟಿ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಪೇಟೆಗಳಲ್ಲಿ ಅಕ್ಕಿ, ಜೋಳ, ಹೆಸರು, ಹುರುಳಿಗಳ ಸಮೃದ್ಧಿಯನ್ನು ಕಂಡು ಬೆರಗಾದನು. ಇವು ಸಾಮಾನ್ಯ ಜನರ ಆಹಾರವೆಂದೂ ಅಗ್ಗವಾಗಿ ದೊರೆಯುತ್ತವೆಂದೂ ಬರೆದನು. ಆದರೆ ೧೮೭೬–೭೮ರ ಮಹಾಕ್ಷಾಮದಲ್ಲಿ ಇದೇ ಸೀಮೆ ಮದರಾಸು ಪ್ರಾಂತದಲ್ಲಿ ಬಹಳ ನೊಂದ ಜಿಲ್ಲೆಗಳಲ್ಲಿ ಒಂದಾಯಿತು. ಆಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ೧ ಪೌಂಡ್ ಧಾನ್ಯವೂ ಅಲ್ಪ ಕಾಸೂ ಸಾಕೆಂದನು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅದು ಸಾಲದೆಂದು ವಾದಿಸಿದನು. ನಮ್ಮ ಮುತ್ತಜ್ಜಂದಿರ ತುತ್ತನ್ನು ತೂಗಿದ ತಕ್ಕಡಿ ಅವರ ಕೈಯಲ್ಲಿರಲಿಲ್ಲ.

ಈಗಿನ ಹೊರಗಿನವರು ನಮ್ಮ ಊಟವನ್ನು ಎರಡು ಬಗೆಯಲ್ಲಿ ನೋಡುತ್ತಾರೆ. ಕೆಲವರಿಗೆ ಅದು ಬರಿಯ ಖಾರ, ಒರಟು. ಕೆಲವರಿಗೆ ಆರೋಗ್ಯದ ಔಷಧ. ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಈ ಎರಡನೆಯ ಪಂಗಡ ಬೆಳೆದಿದೆ. ಬೆಂಗಳೂರಿನಲ್ಲಿ ‘ಉತ್ತರ ಕರ್ನಾಟಕದ ಊಟ’ ಎಂಬ ಫಲಕದಡಿಯಲ್ಲಿ ಧಾರವಾಡ, ವಿಜಯಪುರ, ಬಳ್ಳಾರಿಗಳೆಲ್ಲ ಒಂದೇ ತಾಟಿನಲ್ಲಿ ಸೇರುತ್ತವೆ. ಅಂಥ ಪಟ್ಟಿಗಳಲ್ಲಿ ಹೊಳೆಯ ಮೀನಾಗಲಿ, ಹಬ್ಬದ ಕುರಿಮಾಂಸವಾಗಲಿ ‘ವಿಶೇಷ’ವೆನಿಸುವುದು ಅಪರೂಪ. ಅವನ್ನು ಉಣ್ಣುವವರೂ ಈ ನೆಲದ ಮಕ್ಕಳೇ ಅಲ್ಲವೇ?

ಹೊರಗಿನವರನ್ನು ದೂರಿದರೆ ನಮ್ಮ ಕೆಲಸ ಮುಗಿಯಲಿಲ್ಲ. ನಮ್ಮ ಊಟವನ್ನು ಹೆಚ್ಚು ಕೀಳಾಗಿ ಕಂಡವರು ನಾವೇ. ಈ ಕಾಲೇಜಿನಲ್ಲಿ ನನ್ನಂತೆ ಮನೆತನದಲ್ಲೇ ಮೊದಲ ಬಾರಿಗೆ ಪದವಿಯ ತರಗತಿಗೆ ಬಂದವರು ಅನೇಕರಿದ್ದೇವೆ. ಮಧ್ಯಾಹ್ನ ಅನ್ನದ ಡಬ್ಬಿಯನ್ನು ತೆರೆಯುವವರು ನಡುವೆ ಕೂಡುತ್ತಾರೆ. ಕಟಿ ರೊಟ್ಟಿ, ಚಟ್ನಿಪುಡಿ ತಂದವರು ಮೂಲೆಗೆ ಸರಿಯುತ್ತಾರೆ. ಯಾರೂ ಅವರನ್ನು ಅಟ್ಟಿದ್ದಿಲ್ಲ. ಓದಿದವನು ಅನ್ನ ಉಣ್ಣಬೇಕು ಎಂಬ ಯಾವುದೋ ಬರೆಯದ ಶಾಸನ ಅವರನ್ನು ಅಟ್ಟುತ್ತದೆ.

ಹೀಗೆಂದು ಅನ್ನವನ್ನು ಹಳಿಯುವುದು ಕೃತಘ್ನತೆಯಾದೀತು. ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿ ಎಷ್ಟೋ ಮನೆಗಳ ಹಸಿವನ್ನು ನೀಗಿದೆ. ಹಬ್ಬಕ್ಕೆ ಮಾತ್ರ ಅನ್ನ ಕಂಡವರು ದಿನವೂ ಉಣ್ಣುವಂತಾದುದು ಸಣ್ಣ ಮಾತಲ್ಲ. ಹಾಗೆಯೇ ರೊಟ್ಟಿಯನ್ನು ಹೊಗಳುವಾಗ ಅದನ್ನು ಬಡಿಯುವ ಕೈಯನ್ನು ಮರೆಯಬಾರದು. ಗೋಧಿಹಿಟ್ಟಿನ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರಿನಲ್ಲಿ ಹಿಟ್ಟನ್ನು ಕಲಸಿ, ಬಿಸಿಯಿರುವಾಗಲೇ ನಾದಿ, ಒಡೆಯದಂತೆ ಬಡಿದು, ಹೆಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಹಿಟ್ಟು ಹಳೆಯದಾದರೆ ಅಂಚು ಸೀಳುತ್ತದೆ. ಓದು ಬಾರದ ನಮ್ಮ ಅವ್ವ ಇದನ್ನೆಲ್ಲ ಬೆರಳ ತುದಿಯಿಂದ ಬಲ್ಲಳು. ಇದು ವಿದ್ಯೆಯಲ್ಲವೇ? ಆದರೆ ಬೆಳಗಿನ ಜಾವ ಹೊಗೆಯಲ್ಲಿ ಇಪ್ಪತ್ತು ರೊಟ್ಟಿ ಬಡಿದು ತರಗತಿಗೆ ಓಡಿಬರುವ ಸಹಪಾಠಿನಿಯ ಮುಂದೆ ನಿಂತು ರೊಟ್ಟಿಯ ಮಹಿಮೆಯನ್ನು ಭಾಷಣ ಮಾಡುವ ಹಕ್ಕು, ಕೂತು ಉಣ್ಣುವ ನಮಗಿಲ್ಲ. ರೊಟ್ಟಿಯ ಮೇಲಿನ ಅಭಿಮಾನ ನಿಜವಾದರೆ ಹುಡುಗರೂ ಒಲೆಯ ಮುಂದೆ ಕೂಡಬೇಕು.

ನೀರಾವರಿ ಬಂದಲ್ಲಿ ಜೋಳದ ಹೊಲ ಭತ್ತದ ಗದ್ದೆಯಾಗುತ್ತದೆ; ರೈತನು ಆದಾಯ ನೋಡುವುದು ತಪ್ಪಲ್ಲ. ಆದರೆ ಬೆಳೆ ಹೋದಲ್ಲಿ ಮಾತೂ ಹೋಗುತ್ತದೆ. ಮುಟಿಗೆ, ಸಂಗಟಿ, ಅಂಬಲಿ, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚೆಲ್ಲುವ ಚರಗ ಎಂಬ ಮಾತುಗಳನ್ನು ಕಿರಿಯ ತರಗತಿಯ ಗೆಳೆಯರಿಗೆ ವಿವರಿಸಿ ಹೇಳಬೇಕಾಗಿದೆ. ಬಿ.ಎ. ಓದುವ ನಾವು ಶಾಸನದ ಜೋಳವನ್ನು ಅರ್ಥಸಹಿತ ಕಂಠಪಾಠ ಮಾಡಿ, ಡಬ್ಬಿಯ ಜೋಳವನ್ನು ಮುಚ್ಚಿಡುವುದು ಎಂಥ ವಿದ್ಯೆ?

ನಾನು ಸಹಪಾಠಿಗಳಲ್ಲಿ ಬೇಡುವುದು ಇಷ್ಟೆ. ಹೊರಗಿನವರು ಹೊಗಳಿದ ಮೇಲೆ ನಮ್ಮ ಊಟವನ್ನು ಗೌರವಿಸೋಣವೆಂದು ಕಾಯುವುದು ಬೇಡ, ಅವರು ನಕ್ಕರೆಂದು ಬಿಡುವುದೂ ಬೇಡ. ಅವರವರ ಅಜ್ಜಿಯಿಂದ ಒಂದೊಂದು ಅಡಿಗೆಯ ಹೆಸರು, ಒಂದೊಂದು ಬಿತ್ತನೆಯ ಜೋಳದ ಹೆಸರು ಕೇಳಿ ಬರೆದುಕೊಂಡು ಬಂದರೆ, ಮುಂದಿನ ವರ್ಷದ ಸಂಚಿಕೆಗೆ ನಮ್ಮ ಕಾಲೇಜಿನಿಂದಲೇ ಒಂದು ಪದಕೋಶ ಸಿದ್ಧವಾದೀತು. ಅಲ್ಲಿಯವರೆಗೆ ಮಧ್ಯಾಹ್ನದ ಡಬ್ಬಿಗಳನ್ನು ಒಂದೇ ಸಾಲಿನಲ್ಲಿ ತೆರೆಯೋಣ.