ಜಿಂಕೆಯ ಕಣ್ಣಿಗೆ ಕಾಣುವ ಬಣ್ಣ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಶರತ್ಕಾಲವು ಬಿಳಿಬಾಲದ ಜಿಂಕೆಯ ಬೇಟೆಯ ಕಾಲ. ಆಗ ಬಂದೂಕು ಹಿಡಿದು ಕಾಡಿಗೆ ಹೊರಡುವವರು ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಮೇಲಂಗಿಯನ್ನು ಧರಿಸಬೇಕೆಂಬುದು ಅಲ್ಲಿನ ಬಹುಪಾಲು ರಾಜ್ಯಗಳ ಕಟ್ಟಳೆ. ಪೊದೆಯ ಮರೆಯಲ್ಲಿ ಅಲುಗಾಡಿದುದು ಜಿಂಕೆಯೆಂದೇ ಭ್ರಮಿಸಿ ಒಬ್ಬ ಬೇಟೆಗಾರನು ಮತ್ತೊಬ್ಬನ ಮೇಲೆ ಗುಂಡು ಹಾರಿಸಿದ ದುರಂತಗಳೇ ಇದಕ್ಕೆ ಕಾರಣ. ಆದರೆ ಮರೆಯಲ್ಲಿ ಅಡಗಬೇಕಾದವನೇ ಹೀಗೆ ದೂರದಿಂದ ಎದ್ದು ಕಾಣುವ ಉಡುಪನ್ನು ತೊಟ್ಟರೆ ಜಿಂಕೆ ಬೆದರಿ ಓಡುವುದಿಲ್ಲವೆ?

ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಎರಡು ಬಗೆ. ದಂಡಕೋಶಗಳು ಮಬ್ಬು ಬೆಳಕಿನಲ್ಲಿ ನೆರವಾಗುತ್ತವೆ. ಬಣ್ಣವನ್ನು ಗುರುತಿಸುವುದು ಶಂಕುಕೋಶಗಳ ಕೆಲಸ. ಮನುಷ್ಯನಲ್ಲಿ ಶಂಕುಕೋಶಗಳು ಮೂರು ವಿಧವಾಗಿವೆ. ಜೆರಾಲ್ಡ್ ಜೇಕಬ್ಸ್ ಮತ್ತು ಅವರ ಸಂಗಡಿಗರು ಜಿಂಕೆಗಳ ಕಣ್ಣಿಗೆ ಬೇರೆ ಬೇರೆ ಬಣ್ಣದ ಬೆಳಕನ್ನು ಹಾಯಿಸಿ, ಅಕ್ಷಿಪಟಲದಲ್ಲಿ ಹುಟ್ಟುವ ವಿದ್ಯುತ್ ಸ್ಪಂದನವನ್ನು ಅಳೆದರು. 1994ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಜಿಂಕೆಯಲ್ಲಿರುವುದು ಎರಡೇ ವಿಧ. ಒಂದು 450ರಿಂದ 460 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೂ ಇನ್ನೊಂದು ಸುಮಾರು 537 ನ್ಯಾನೊಮೀಟರಿನ ಹಸುರು ಬೆಳಕಿಗೂ ಹೆಚ್ಚು ಸ್ಪಂದಿಸುತ್ತದೆ. ಹಸುರಿನಿಂದ ಕೆಂಪಿನವರೆಗಿನ ಬೆಳಕನ್ನೆಲ್ಲ ಬಹುಮಟ್ಟಿಗೆ ಒಂದೇ ವಿಧದ ಕೋಶ ಗ್ರಹಿಸಬೇಕಾದುದರಿಂದ, ಕಿತ್ತಳೆಯನ್ನು ಎಲೆಯ ಹಸುರಿನಿಂದ ಬೇರ್ಪಡಿಸಲು ಜಿಂಕೆಗೆ ಸಾಧ್ಯವಾಗದು.

ಇಷ್ಟಕ್ಕೇ ಬೇಟೆಗಾರನು ಹಿಗ್ಗುವಂತಿಲ್ಲ. ನೀಲಿ ಬಣ್ಣವನ್ನು ಜಿಂಕೆ ಚೆನ್ನಾಗಿ ಕಾಣಬಲ್ಲದು. ನೇರಳಾತೀತ ಕಿರಣಗಳನ್ನು ನಮ್ಮ ಕಣ್ಣಿನ ಮಸೂರವು ಬಹುಪಾಲು ತಡೆದುಬಿಡುತ್ತದೆ. ಜಿಂಕೆಯ ಮಸೂರವು ಅಷ್ಟಾಗಿ ತಡೆಯುವುದಿಲ್ಲ. ಬಟ್ಟೆಗೆ ಹೊಳಪು ಕೊಡುವ ಮಾರ್ಜಕಗಳಲ್ಲಿನ ರಾಸಾಯನಿಕಗಳು ಈ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಸೂಸುವುದರಿಂದ, ಎಲೆಯ ಚಿತ್ತಾರದ ಅಂಗಿಯೂ ಒಗೆದ ಮೇಲೆ ಜಿಂಕೆಗೆ ಎದ್ದು ಕಂಡೀತು. ಅಲ್ಲದೆ ಗಾಳಿಯಲ್ಲಿ ತೇಲಿಬರುವ ವಾಸನೆಯನ್ನೂ ಸಣ್ಣ ಚಲನೆಯನ್ನೂ ಅದರಿಂದ ಮರೆಮಾಚುವುದು ಸುಲಭವಲ್ಲ.

ಭಾರತದಲ್ಲಿ ಜಿಂಕೆಯ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಆದುದರಿಂದ ಬಂಡೀಪುರದ ಚುಕ್ಕಿಜಿಂಕೆಗೆ ಹುಲಿಯೇ ನಿಜವಾದ ಬೇಟೆಗಾರ. ಸ್ತನಿಗಳ ರೋಮದಲ್ಲಿ ಹಸುರು ವರ್ಣದ್ರವ್ಯವಿರುವುದಿಲ್ಲ. ಆದರೂ ಗೊರಸುಳ್ಳ ಪ್ರಾಣಿಗಳ ಇಬ್ಬಣ್ಣದ ಕಣ್ಣಿಗೆ ಹುಲಿಯ ಕಿತ್ತಳೆ ಮೈಯೂ ಹಸುರಿನಲ್ಲಿ ಕರಗಿಹೋಗುತ್ತದೆ. ಮರದ ಮೇಲೆ ಕುಳಿತ ಮುಸುವನಿಗಾದರೋ ಮನುಷ್ಯನಂತೆ ಮೂರು ವಿಧದ ಶಂಕುಕೋಶಗಳಿವೆ. ಎತ್ತರದ ನೆಲೆಯೂ ಅದಕ್ಕೆ ಅನುಕೂಲ. ಹುಲಿಯನ್ನು ಕಂಡು ಅದು ಕೂಗಿದೊಡನೆ ಕೆಳಗೆ ಮೇಯುತ್ತಿರುವ ಜಿಂಕೆಗಳು ಮೇವು ಬಿಟ್ಟು, ಕಿವಿ ನಿಮಿರಿಸಿ ನಿಲ್ಲುತ್ತವೆ.